ಮಾಳಿಗೆಯ ಮೇಲೆ ಹಾಸಿದ ಸೀರೆ

ಕರೆಂಟು ನಿಂತು ಹದಿನಾರು ವರ್ಷವಾಗಿದೆ. ಹೊಲದಲ್ಲಿ ಬೆಳೆದ ಹರಳೆಲ್ಲ ಎಣ್ಣೆಯಾಗಿ ವಿಮಾನಗಳಿಗೇ ಹೋಗುತ್ತದೆ, ದೀಪಕ್ಕೆ ಉಳಿಯುವುದಿಲ್ಲ. ಗಿರಗಿರ ಸುತ್ತುವ ಅವುಗಳ ಎಂಜಿನ್ನು ಕುಡಿದ ಹರಳೆಣ್ಣೆಯನ್ನು ಹಾರುತ್ತಲೇ ಉಗುಳುತ್ತದೆ. ವಿಮಾನ ಬರುವ ಹೊತ್ತಿಗೆ ನಮ್ಮೂರಿನವರು ಮಾಳಿಗೆಯ ಮೇಲೆ ಹಳೇ ಸೀರೆ ಹಾಸುತ್ತಾರೆ. ಆಮೇಲೆ ಅದನ್ನು ಬಿಸಿನೀರಿನಲ್ಲಿ ಅದ್ದಿ, ತೇಲಿದ ಎಣ್ಣೆಯಿಂದ ದೀಪ ಹಚ್ಚುತ್ತಾರೆ.

ನಾನು ವಿಮಾನ ಕಾರ್ಖಾನೆಯ ಎಂಜಿನಿಯರು. ಉಗುಳಿದ ಎಣ್ಣೆಯನ್ನು ಹಿಡಿದು ಟ್ಯಾಂಕಿಗೆ ವಾಪಸು ಕಳಿಸುವ ಬಳೆಯೊಂದನ್ನು ಎಂಜಿನ್ನಿನ ಸುತ್ತ ಕೂರಿಸಲು ಮೂರು ವರ್ಷ ಹೆಣಗಿದ್ದೆ. ಒಂದು ಹನಿಯೂ ಪೋಲಾಗದು ಎಂದು ಸಹಿ ಹಾಕಿಯೂ ಕೊಟ್ಟಿದ್ದೆ. ಇವತ್ತು ಅದರ ಮೊದಲ ಹಾರಾಟ.

ನಾನು ಬಾಡಿಗೆಗಿರುವ ಮನೆಯ ಓಬಜ್ಜಿ ಸೀರೆಯ ನಾಲ್ಕು ಮೂಲೆಗೂ ಕಲ್ಲಿಟ್ಟಳು.

"ಇವತ್ತೊಂದಿನ ಚೆನ್ನಾಗಿ ಬಿದ್ರೆ ಸಾಕು ಕಣವ್ವ. ಸೊಸೆಗೆ ಇವತ್ತೋ ನಾಳೆಯೋ ಹೆರಿಗೆ ಆಗ್ತೈತೆ. ಕತ್ತಲಾಗೆ ಮಗೀನ ಹೆಂಗೆ ಹಿಡ್ಕಳ್ಳಾದು?"

ನಾನು ಬಗ್ಗಿ ಸೀರೆಯ ಸುಕ್ಕು ಸರಿಮಾಡಿದೆ.

ವಿಮಾನ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಅಜ್ಜಿ ಬಗ್ಗಿ ಸೀರೆಯನ್ನು ಮೂಲೆಯಿಂದ ಮೂಲೆಗೆ ಸವರಿದಳು. ಜಿಡ್ಡಿಲ್ಲದ ಬೆರಳು ಮೂಸಿ ನೋಡಿದಳು. ಮತ್ತೊಮ್ಮೆ ಸವರಿದಳು.

"ಅದ್ರಾಗೆ ಏನೋ ಕೆಟ್ಟೈತೆ ಕಣವ್ವ," ಎಂದಳು. "ನಿಮ್ಮ ಆಫೀಸ್ನಾಗೆ ಹೇಳಿ ರಿಪೇರಿ ಮಾಡ್ಸವ್ವ."