ನೇರಳೆ ಬುಡದ ಪೈರು

ಗಂಗಾದೇವಿ ಸಾಲಿನ ನಡುವೆ ಮಂಡಿಯೂರಿ ಮೂರನೆಯ ಸಲ ಹುಡುಕಿದಳು. ಕೈಯಲ್ಲಿದ್ದ ಆನರ್ಸ್ ಸೀಟಿನ ಅರ್ಜಿ ಕೆಸರಿಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಅವಳ ಪ್ರಯೋಗದ ತಾಕಿನ ತುಂಬ ಗೇಣುದ್ದದ ರಾಗಿ ಪೈರು, ಎಲ್ಲವೂ ಹಸಿರು ಬುಡದವು. ನಿನ್ನೆ ಸಂಜೆ ಎಣಿಸಿ ಹೋಗಿದ್ದ ನೇರಳೆ ಬುಡದ ಏಳು ಪೈರುಗಳಲ್ಲಿ ಒಂದೂ ಇರಲಿಲ್ಲ.

“ಸೊಣ್ಣಮ್ಮ, ಇಲ್ಲಿದ್ದವು ಎಲ್ಲಿ ಹೋದುವು?”

ಹುಣಸಮಾರನಹಳ್ಳಿಯಿಂದ ದಿನಾ ಕೂಲಿಗೆ ಬರುವ ಸೊಣ್ಣಮ್ಮ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. “ಬೆರಕೆ ಇದ್ವಲ್ಲ, ಅವಾ? ಬೆಳಗ್ಗೇನೇ ಕಿತ್ತೆ ಕಣವ್ವ. ಸಾಯೇಬ್ರು ಬತ್ತಾರೆ, ತಾಕು ಚೊಕ್ಕ ಇರ್ಬೇಕು ಅಂತ ನೀನೇ ಅಲ್ವಾ ಏಳಿದ್ದು.”

ಹೇಳಿದ್ದಳು, ನಿಜ. ಆದರೆ ಆ ಬೆರಕೆಗಾಗಿಯೇ ಅವಳು ಒಂದು ವರ್ಷ ಕಾದಿದ್ದಳು. ಹೋದ ವರ್ಷ ಹಸಿರು ಜಾತಿಯ ರಾಗಿ ತೆನೆಗೆ ನೇರಳೆ ಜಾತಿಯ ತೆನೆಯನ್ನು ಜೋಡಿಸಿ, ಎರಡೂ ಒಟ್ಟಿಗೆ ಅರಳಲೆಂದು ದಾರ ಸುತ್ತಿದ್ದಳು. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ; ಆ ಹಸಿರು ತೆನೆಯ ಕಾಳು ಬಿತ್ತಿದರೆ ಮುಕ್ಕಾಲು ಪಾಲು ಯಾಕೆ, ಹತ್ತಿರ ಹತ್ತಿರ ಎಲ್ಲವೂ ತಾಯಿಯಂತೆಯೇ ಏಳುತ್ತವೆ. ಎಲ್ಲೋ ಬೆರಳೆಣಿಕೆಯಷ್ಟು ಮಾತ್ರ ತಂದೆಯ ನೇರಳೆ ಬಣ್ಣ ಹೊತ್ತು ಬರುತ್ತವೆ. ಅವೇ ಸಂಕರ. ವಿಶ್ವವಿದ್ಯಾಲಯದಲ್ಲಿ ತಳಿಶಾಸ್ತ್ರವನ್ನು ಮೇಜರ್ ತೆಗೆದುಕೊಂಡು ಆನರ್ಸ್ ಓದಬೇಕೆನ್ನುವವರು ಅಂಥವು ಎಂಟನ್ನಾದರೂ ಬೆಳೆದು ತೋರಿಸಬೇಕಿತ್ತು. ಏಳಕ್ಕೇ ಹೇಗಾದರೂ ಒಪ್ಪಿಸೋಣವೆಂದು ಅವಳು ಧೈರ್ಯ ಮಾಡಿದ್ದಳು. ಆಗದಿದ್ದರೆ ಉಳಿದದ್ದು ಪಾಸ್ ಕೋರ್ಸು, ಹುಡುಗಿಯಾದ್ದರಿಂದ ಗೃಹವಿಜ್ಞಾನ. ರೋಣದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಅವಳು ಬೆಂಗಳೂರಿಗೆ ಬಂದದ್ದು ಉಪ್ಪಿನಕಾಯಿ ಹಾಕುವುದನ್ನು ಕಲಿಯಲು ಅಲ್ಲ.

“ಯಾವ ಗುಂಡಿಗೆ ಒಗದಿ?” ಎಂದಳು.

“ಗುಂಡಿಗಾ? ಪೈರ್ನ ಯಾರಾನ ಗುಂಡಿಗಾಕ್ತಾರಾ? ಪಂಪ್ ಮನೆ ಇಂದೆ ಕಾಲ್ವೆ ಅಂಚಿಗೆ ನೆಟ್ಟಿವ್ನಿ. ನಾಕು ತೆನೆ ಬಂದ್ರೆ ನಮ್ ಕೋಳಿಗಾಯ್ತದೆ.”

ಗಂಗಾದೇವಿ ಓಡಿದಳು. ಬಿಸಿಲಿಗೆ ತುಸು ಬಾಡಿ, ಕಾಲುವೆಯ ತೇವಕ್ಕೆ ಮತ್ತೆ ಕತ್ತೆತ್ತುತ್ತಿದ್ದ ಪೈರುಗಳು ಸಾಲಾಗಿ ನಿಂತಿದ್ದವು. ಬೆರಳಿಟ್ಟು ಎಣಿಸಿದಳು. ಏಳು. ಬೆರಳು ನಿಲ್ಲಲಿಲ್ಲ. ಎಂಟು, ಒಂಬತ್ತು.

“ಇವೆರಡು ಎಲ್ಲಿಂದ ಬಂದುವು?”

“ಅವೂ ಅಲ್ಲೇ ಇದ್ವು, ಮೂಲೇಲಿ. ಬುಡದ ಬಣ್ಣ ಇನ್ನೂ ಮಣ್ಣೊಳಗಿತ್ತು. ಎಲೆ ನಿಂತಿರೋ ಧಾಟಿ ನೋಡಿದ್ರೆ ಗೊತ್ತಾಗಾಕಿಲ್ವಾ?” ಸೊಣ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಿದ್ದಳು. “ಮೂರ್ ಒತ್ತೂ ಭೂತಗಾಜು ಇಡ್ಕಂಡು ಕುಂತಿರ್ತೀಯ. ಅದ್ರಾಗೆ ಏನವ್ವ ನೋಡ್ತಿದ್ದೆ?”

ಗಂಗಾದೇವಿ ಆ ಮಣ್ಣಿನ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಗುವೂ ಬಂತು, ಅಳುವೂ ಬಂತು.

“ಬುಡು ಬುಡು, ಮಕ ಎಲ್ಲ ಕೆಸ್ರಾಯ್ತದೆ. ಕೋಳಿ ಮೇವಿಗೆ ಇಷ್ಟೊಂದು ಅಳೋರ್ನ ನಾನ್ ಕಂಡಿಲ್ಲ.”

ತಳಿಶಾಸ್ತ್ರದ ಪ್ರೊಫೆಸರ್ ತ್ರಿವಿಕ್ರಮ ಅವರ ಸೈಕಲ್ಲು ಪಂಪ್ ಮನೆಗೆ ಒರಗಿದಾಗ ಇಬ್ಬರೂ ಹಾಗೇ ನಿಂತಿದ್ದರು. ಗಂಗಾದೇವಿ ಒಂದನ್ನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿದಳು. ಅವರು ಪ್ಯಾಂಟು ಮಡಚಿ ಕಾಲುವೆಗಿಳಿದು, ಒಂದೊಂದೇ ಪೈರಿನ ಬುಡ ಕೆದಕಿ ನೋಡಿದರು. ಆ ಮೂಲೆಯ ಎರಡರ ಮುಂದೆ ಬಹಳ ಹೊತ್ತು ಕೂತರು.

“ಜಾಗ ಬದಲಾಯ್ತು ಅಷ್ಟೇ ಕಣಮ್ಮ. ಒಂಬತ್ತೂ ಅಸಲಿ. ಈ ವರ್ಷ ಯಾವ ಹುಡುಗನ ತಾಕಲ್ಲೂ ಇಷ್ಟಿಲ್ಲ. ಬರಿ, ಬರಿ.”

ಅವಳು ಅರ್ಜಿಯ ಕೆಸರು ಕೊಡವಿ ಮೊಣಕಾಲ ಮೇಲಿಟ್ಟುಕೊಂಡು ಬರೆದಳು. ಸಂಕರ ಸಸಿಗಳು: ಒಂಬತ್ತು. ಗುರುತಿಸಿದವರು: ವಿದ್ಯಾರ್ಥಿನಿ ಏಳು, ಸೊಣ್ಣಮ್ಮ ಎರಡು.

ತ್ರಿವಿಕ್ರಮ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. “ಇದೇನಮ್ಮ ಇದು? ವಿದ್ಯಾರ್ಥಿನೇ ಗುರುತಿಸಿರ್ಬೇಕು ಅಂತ ರೂಲ್ ಇದೆ. ಏಳು ಅಂತ ಕಂಡ್ರೆ ಕಮಿಟಿಯವರು ಮುಂದಕ್ಕೇ ಓದಲ್ಲ. ದಾರ ಕಟ್ಟಿದ್ದು ನೀನು, ಬಿತ್ತಿದ್ದು ನೀನು. ಸಂಕರ ನಿಂದೇ ಅಲ್ವಾ?” ಚೀಲದಿಂದ ಹೊಸ ಅರ್ಜಿಯೊಂದನ್ನು ತೆಗೆದು ತಮ್ಮ ಸಹಿ ಹಾಕಿ ಅವಳ ಮುಂದೆ ಹಿಡಿದರು. “ತಗೋ. ಇದರಲ್ಲಿ ಒಂಬತ್ತು ಅಂತ ಬರೆದು ನಿನ್ನ ಹೆಸರೊಂದೇ ಹಾಕು. ಸೀಟು ನಿಂದು.”

“ಈಸ್ಕಳವ್ವ,” ಎಂದಳು ಸೊಣ್ಣಮ್ಮ. “ನನ್ ಎಸ್ರು ಕಟ್ಕಂಡು ಏನ್ ಮಾಡ್ತೀಯ. ನಂಗೇನು ಆನರ್ಸು ಕೊಟ್ಟಾರಾ?”

ಗಂಗಾದೇವಿಗೆ ಆಸೆಯಾಯಿತು. ಹಾಳೆ ಬೆಳ್ಳಗಿತ್ತು, ಸಹಿಯ ಮಸಿ ಇನ್ನೂ ಹಸಿಯಾಗಿತ್ತು. ಅದನ್ನು ಹಿಡಿದಿದ್ದವರೂ ತನ್ನ ಒಳ್ಳೆಯದಕ್ಕೇ ಹಿಡಿದಿದ್ದರು. ಕಾಲುವೆಯ ಅಂಚಿನಲ್ಲಿ ಸೊಣ್ಣಮ್ಮ ಆಗಲೇ ಬಗ್ಗಿ, ಪೈರುಗಳನ್ನು ಮತ್ತೆ ತಾಕಿಗೆ ಒಯ್ಯಲು ಬೇರಿನ ಮಣ್ಣು ಉದುರದಂತೆ ಬೊಗಸೆಯಲ್ಲಿ ಎತ್ತಿಕೊಳ್ಳುತ್ತಿದ್ದಳು.

“ಬ್ಯಾಡ್ರಿ ಸರ್,” ಎಂದಳು ಗಂಗಾದೇವಿ. “ಬರದದ್ದು ಬರದಾಗೈತಿ.”