ಹನ್ನೆರಡನೆಯ ಪಾರಿವಾಳ

ಪಾರಿವಾಳ ಕೂರದ ಓಣಿಯಲ್ಲಿ ಗಾಳಿ ಕೆಟ್ಟಿದೆ ಎಂದರ್ಥ. ಅಂಥ ಓಣಿಯನ್ನು ಗಾಳಿ ಇಲಾಖೆಯವರು ಸಂಜೆಯೊಳಗೆ ಖಾಲಿ ಮಾಡಿಸುತ್ತಿದ್ದರು. ಹಾಸಿಗೆ ಹಿಡಿದವರನ್ನು ಮಾತ್ರ ಲಾರಿಗೆ ಹತ್ತಿಸುತ್ತಿರಲಿಲ್ಲ. ಕಾಶವ್ವನ ಗಂಡ ಫಕೀರಪ್ಪ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು.

ಅದಕ್ಕೇ ಅವಳ ಮಾಳಿಗೆಯ ಮೇಲೆ ಹನ್ನೊಂದು ಮೋಟಾರು ಪಾರಿವಾಳಗಳಿದ್ದವು. ಪಕ್ಕದ ಓಣಿಯವರು ಎಲ್ಲಕ್ಕೂ ಒಂದೇ ಟೈಮರ್ ಇಟ್ಟು, ಹಕ್ಕಿಗಳೆಲ್ಲ ಒಟ್ಟಿಗೇ ಕತ್ತು ಕೊಂಕಿಸಿ, ಸಿಕ್ಕಿಬಿದ್ದಿದ್ದರು. ಕಾಶವ್ವ ಒಂದೊಂದಕ್ಕೂ ಬೇರೆ ಬೇರೆ ಹೊತ್ತು ಇಟ್ಟಿದ್ದಳು. ರೆಕ್ಕೆ ಬಡಿಸುವ ರಿಮೋಟ್ ಸೆರಗಿನೊಳಗಿತ್ತು.

ಗಾಳಿ ಇಲಾಖೆಯ ಇನ್ಸ್‌ಪೆಕ್ಟರ್ ಮೆಟ್ಟಿಲೇರುವ ಸದ್ದು ಕೇಳಿ ಗುಂಡಿ ಒತ್ತಿದಳು. ಆ ರೆಕ್ಕೆಸದ್ದಿಗೆ ಮರುಳಾಗಿ ಎಲ್ಲಿಂದಲೋ ಒಂದು ನಿಜವಾದ ಪಾರಿವಾಳ ಬಂದು ಅವುಗಳ ನಡುವೆ ಇಳಿಯಿತು.

"ಏನ್ರೀ, ಕೇಳಸ್ತೇನ್ರಿ? ಖರೇ ಹಕ್ಕಿ ಬಂದೈತಿ! ಗಾಳಿ ಚಲೋ ಆಗೇತ್ರಿ!" ಎಂದು ಬೆಳಕಿಂಡಿಗೆ ಬಾಯಿಟ್ಟು ಗಂಡನಿಗೆ ಪಿಸುಗುಟ್ಟಿದಳು. ಒಳಗಿಂದ ಬರೀ ಕೆಮ್ಮು ಬಂತು.

ಹಕ್ಕಿ ಎರಡು ಕಾಳು ಹೆಕ್ಕಿತು. ಆಮೇಲೆ ಕೊಕ್ಕು ತೆರೆದು, ಏದುಸಿರು ಬಿಟ್ಟು, ಮಗುಚಿಕೊಂಡಿತು. ಕಾಶವ್ವ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದಳು. ಹನ್ನೊಂದೂ ಪಟಪಟ ರೆಕ್ಕೆ ಬಡಿದವು.

ಮೇಲೆ ಬಂದ ಇನ್ಸ್‌ಪೆಕ್ಟರ್ ಮೂಗಿನ ಮುಖವಾಡ ಸರಿಸದೆಯೇ ಎಣಿಸಿ, 'ಗಾಳಿ ಉತ್ತಮ' ಎಂದು ಬರೆದು ಮುದ್ರೆ ಒತ್ತಿದ. ಇಳಿಯುವ ಮುಂಚೆ ದನಿ ತಗ್ಗಿಸಿದ.

"ಅಲ್ಲೊಂದು ಬಿದ್ದೈತಿ ನೋಡವಾ. ಸೆಲ್ ಮುಗದಿರಬೇಕು. ನಾಳೆ ದೊಡ್ಡ ಸಾಹೇಬ್ರು ಬರ್ತಾರ, ಅಷ್ಟರಾಗ ಬದಲಿ ಮಾಡು."

ಕಾಶವ್ವ ಅದನ್ನು ಎತ್ತಿಕೊಂಡಳು. ಅಂಗೈಯಲ್ಲಿ ಅದಿನ್ನೂ ಬೆಚ್ಚಗಿತ್ತು. ಕೆಳಗೆ ಫಕೀರಪ್ಪನ ಕೆಮ್ಮು ನಿಂತಿರಲಿಲ್ಲ.