ಗೋಡೆಗೆ ಮುಖ ಮಾಡಿದ ಸಾಲು

ಒಂಬತ್ತು ಬೆನ್ನುಗಳು ಕೋಮಲಾಳ ಕಡೆಗಿದ್ದವು. ಫಿಸಿಕ್ಸ್ ಲ್ಯಾಬಿನ ಒಂದೇ ಸಾಲಿನ ಸ್ಟೂಲುಗಳನ್ನು ವಿದ್ಯಾರ್ಥಿಗಳು ಗೋಡೆಯತ್ತ ತಿರುಗಿಸಿಕೊಂಡು ಕೂತಿದ್ದರು. ಕಾಪಿ ಹೊಡೆದ ರೆಕಾರ್ಡುಗಳಿಗೆಲ್ಲ ಅವಳು ಸೊನ್ನೆ ಹಾಕಿದ್ದಕ್ಕೆ ಇದು ಸೇಡು. ಬಾಗಿಲಲ್ಲಿ ಪ್ರಿನ್ಸಿಪಾಲ್ ಈರಭದ್ರಪ್ಪ ಗಡಿಯಾರ ನೋಡುತ್ತ ನಿಂತಿದ್ದರು. ಗಂಟೆ ಹೊಡೆಯುವವರೆಗೆ ಒಬ್ಬರೂ ತಿರುಗದಿದ್ದರೆ ಈ ಅತಿಥಿ ಉಪನ್ಯಾಸಕಿಯ ಕೆಲಸ ಇವತ್ತಿಗೇ ಮುಗಿಯುತ್ತಿತ್ತು.

“ನಿಮ್ಮೂರಿನ ಕಡೂರು ಬಸ್ಸು ಮೂರಕ್ಕೈತೆ ಕಣ್ರೀ ಮೇಡಂ,” ಎಂದ ಹಾಲೇಶ, ಗೋಡೆಗೆ ಹೇಳಿದಂತೆ. ಬೆನ್ನುಗಳು ನಕ್ಕವು.

ಮೇಜಿನ ಮೇಲೆ ಅವಳು ಸಾಲಾಗಿ ಜೋಡಿಸಿದ್ದ ಕಾಂತಸೂಜಿಗಳೂ ಒಂದೇ ಕಡೆ ಮುಖ ಮಾಡಿದ್ದವು. ಕೋಮಲಾ ಅವುಗಳನ್ನು ಒಂದು ಕ್ಷಣ ನೋಡಿ, ಬೇಕೆಂದೇ ತಪ್ಪು ಹೇಳಿದಳು. “ಬರ್ಕೊಳ್ಳಿ. ಒಂದೇ ಸಾಲಲ್ಲಿರೋ ಸ್ಪಿನ್‌ಗಳು, ಅಂದ್ರೆ ಅಣುಗಾತ್ರದ ಕಾಂತಸೂಜಿಗಳು, ತಾಪ ಸ್ವಲ್ಪ ಇದ್ರೂ, ಕೊನೇವರೆಗೂ ಒಂದೇ ದಿಕ್ಕಿಗೆ ನಿಲ್ತವೆ.”

ನಡುವಿನ ಬೆನ್ನು ಚಡಪಡಿಸಿತು. ತರಗತಿಗೇ ಮೊದಲಿಗಳಾದ ಪ್ರಿಯಾಂಕಾ ಗಿರಕ್ಕನೆ ತಿರುಗಿದಳು. “ತಪ್ಪು. ತಾಪ ಎಷ್ಟೇ ಕಮ್ಮಿ ಇರ್ಲಿ, ಉದ್ದ ಸಾಲಲ್ಲಿ ಎಲ್ಲೋ ಒಂದು ತಿರುಗೇ ತಿರುಗ್ತದೆ. ಇಷ್ಟೂ ಗೊತ್ತಿಲ್ದೆ ನಮಗೆ ಸೊನ್ನೆ ಹಾಕಿದ್ರಾ?”

“ಲೇ, ತಿರುಗಬ್ಯಾಡ ಅಂದಿರ್ಲಿಲ್ವೇನೇ?” ಪಕ್ಕದಲ್ಲಿದ್ದ ಹಾಲೇಶ ಅವಳನ್ನು ಗದರಲು ತಿರುಗಿದ. ಏನಾಯಿತೆಂದು ನೋಡಲು ಅವನಾಚೆಯವನೂ ತಿರುಗಿದ.

ಕೋಮಲಾ ಸೀಮೆಸುಣ್ಣ ಚಾಚಿದಳು. “ಯಾಕೆ ತಿರುಗುತ್ತೆ, ಹೇಳು.”

ಪ್ರಿಯಾಂಕಾ ಎದ್ದು ಬಂದು ಅದನ್ನು ಕಿತ್ತುಕೊಂಡು ಸಾಲಿನತ್ತ ತಿರುಗಿದಳು. “ಯಾಕಂದ್ರೆ ತಿರುಗಿದ್ದಕ್ಕೆ ಇಡೀ ಸಾಲಿನ ಜೊತೆ ಜಗಳ ಇರಲ್ಲ. ಅಕ್ಕಪಕ್ಕದ ಎರಡರ ಜೊತೆ ಮಾತ್ರ…” ಎಂದವಳು, ಎದುರಿಗಿದ್ದ ಹಾಲೇಶನ ಕೆಂಪಾದ ಮುಖ ಕಂಡು, ಅಲ್ಲಿಗೇ ನಿಲ್ಲಿಸಿದಳು.